ಹಗಲೆಲ್ಲ ಮಲಗುವ ಕೂಸು

ಚಿತ್ತಾಪುರ
೧೪–೨–೧೯೭೬

ಅವ್ವ,

ನಮಸ್ಕಾರ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆದು, ಹೊಡೆದುಹಾಕಿ, ಬೇರೆ ಹಾಳೆ ತೆಗೆದುಕೊಂಡಿದ್ದೇನೆ. ಕ್ಷೇಮವಿಲ್ಲವೆಂದಲ್ಲ. ಆ ಮಾತನ್ನು ಧೈರ್ಯವಾಗಿ ಬರೆಯಲು ಕೈ ಬರಲಿಲ್ಲ, ಅಷ್ಟೇ.

ಮಾಧವಿ ಹಗಲೆಲ್ಲ ಮಲಗುತ್ತಾಳೆ.

ನೀನು ನಗುತ್ತೀ ಎಂದು ಗೊತ್ತು. ನಾಲ್ಕು ತಿಂಗಳ ಕೂಸಿಗೆ ಮಲಗುವುದೇ ಉದ್ಯೋಗ ಅನ್ನುತ್ತೀ. ಆದರೆ ಈ ನಿದ್ದೆ ನನಗೆ ಸರಿ ಕಾಣುವುದಿಲ್ಲ. ಬೆಳಗ್ಗೆ ನಾನು ಗಿರಣಿಗೆ ಹೋಗುವ ಹೊತ್ತಿಗೆ ಭೀಮಬಾಯಿ ಎಣ್ಣೆ ಹಚ್ಚಿ, ಎರೆದು, ತೊಟ್ಟಿಲಿಗೆ ಹಾಕಿರುತ್ತಾಳೆ. ಮನೆಗೂ ಗಿರಣಿಗೂ ನಡುವೆ ಒಂದೇ ಗೋಡೆಯಲ್ಲವೇ, ಆಗಾಗ ಕೈ ತೊಳೆದುಕೊಂಡು ಓಡಿಬಂದು ನೋಡುತ್ತೇನೆ. ಮುಷ್ಟಿ ಬಿಗಿಹಿಡಿದು, ಬಾಯಿ ಅರ್ಧ ತೆರೆದು, ಕದಲದೆ ಮಲಗಿರುತ್ತಾಳೆ. ಹಾಲಿಗೂ ನಾವೇ ಎಬ್ಬಿಸಬೇಕು. ಕುಡಿಯುತ್ತ ಕುಡಿಯುತ್ತಲೇ ಮತ್ತೆ ಜಾರುತ್ತಾಳೆ. ಕತ್ತಲಾದರೆ ಮಾತ್ರ ಕಣ್ಣು ಪಿಳಿಪಿಳಿ. ಬೆಳಗಿನ ತನಕ ನಾನೂ ಅವಳೂ. ನಿನ್ನ ಅಳಿಯಂದಿರಿಗೆ ವಾಡಿಯ ಗೂಡ್ಸ್ ಗಾಡಿಗಳ ಗಾರ್ಡಿನ ನೌಕರಿ. ವಾರದಲ್ಲಿ ಒಂದೆರಡು ದಿನ ಮನೆ ಕಂಡರೆ ಹೆಚ್ಚು. ಬಂದವರು ಗೊರಕೆ ಹೊಡೆಯುತ್ತಾರೆ.

ಗಿರಣಿಯದು ಇನ್ನೊಂದು ಕಥೆ. ತೊಗರಿ ತಂದ ರೈತರು ನನ್ನನ್ನೇ ನೋಡಿ, ಮಾಲಕರು ಎಲ್ಲ್ಯಾರ ಎಂದು ಕೇಳುತ್ತಾರೆ. ನಾನೇ ಎಂದರೆ ನನ್ನ ಬೆನ್ನ ಹಿಂದೆ ಇಣುಕುತ್ತಾರೆ. ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಕುಳಿತಿದ್ದರೆ ಯಾರೂ ಇಣುಕುತ್ತಿರಲಿಲ್ಲ. ನಮ್ಮ ಹೊಲದ ತೊಗರಿ ಇನ್ನೆಲ್ಲೋ ಹೋಗಿ ಬೇಳೆಯಾಗಿ ತಿರುಗಿ ನಮ್ಮ ಅಂಗಡಿಗೇ ಬರುವುದನ್ನು ನೋಡಲಾರದೆ ಈ ಕೆಲಸಕ್ಕೆ ಕೈ ಹಾಕಿದವಳು ನಾನು. ಗಿರಣಿ ಹಿರಿಯ ಮಗಳು, ಮಾಧವಿ ಕಿರಿಯವಳು ಎಂದು ಇವರು ಕಾಡುತ್ತಾರೆ. ಮೊನ್ನೆ ವ್ಯಾಪಾರಿಯೊಬ್ಬರೊಡನೆ ದರ ಮಾತಾಡುತ್ತಿದ್ದಾಗ ಹಾಲು ಇಳಿದು ಕುಪ್ಪಸ ನೆನೆಯಿತು. ಸೆರಗು ಹೊದ್ದು ಮಾತು ಮುಗಿಸಿದೆ. ನನಗೆ ಹಾಲು ಇಳಿಯುವ ಹೊತ್ತಿಗೆ ಅವಳಿಗೆ ಹಸಿವಾಗಬೇಕಲ್ಲ? ಓಡಿಬಂದರೆ ನಿದ್ದೆ.

ಭೀಮಬಾಯಿಯನ್ನು ನೀನೇ ಸುಲೇಪೇಟದಿಂದ ಕಳಿಸಿದೆ. ನನ್ನನ್ನೂ ಎತ್ತಿ ಆಡಿಸಿದವಳು. ಅವಳ ಮೇಲೆ ನಿನಗೆಷ್ಟು ನಂಬಿಕೆ? ಸುಮ್ಮನೆ ಕೇಳಿದೆ.

ನಿನ್ನ,
ವನಮಾಲಾ


ಸುಲೇಪೇಟ
೨೬–೨–೧೯೭೬

ಚಿ. ಸೌ. ವನಮಾಲಾ,

ಆಶೀರ್ವಾದ ಯಾವಾಗಲೂ ಇದ್ದದ್ದೇ, ಅದಕ್ಕೆ ನೇರವಾಗಿ ವಿಷಯಕ್ಕೆ ಬರುತ್ತೇನೆ. ಕೂಸು ಅಳುತ್ತದೆ ಎಂದು ತವರಿಗೆ ಬರೆದವರನ್ನು ಕಂಡಿದ್ದೇನೆ. ಕೂಸು ಮಲಗುತ್ತದೆ ಎಂದು ಬರೆದವಳು ನೀನೊಬ್ಬಳೇ.

ಸುಮ್ಮನೆ ಕೇಳಿದೆ ಎಂದು ನೀನು ಬರೆದರೆ ಅದು ಸುಮ್ಮನೆ ಅಲ್ಲ ಎಂದು ನಿನ್ನ ತಾಯಿಗೆ ತಿಳಿಯುವುದಿಲ್ಲವೇನು? ಅನುಮಾನ ಏನಿದ್ದರೂ ಬಾಯಿ ಬಿಟ್ಟು ಬರೆ. ಭೀಮಬಾಯಿ ನಮ್ಮ ಮನೆಯಲ್ಲಿ ಇಷ್ಟು ವರ್ಷ ಇದ್ದಳು. ಅವಳು ಇರುವಾಗ ನಾನು ಒಂದು ದಿನವೂ ಕೂಸುಗಳಿಗಾಗಿ ಹಿಂತಿರುಗಿ ನೋಡಲಿಲ್ಲ. ಅದಕ್ಕಿಂತ ಹೆಚ್ಚು ಏನು ಹೇಳಲಿ.

ನಿನಗೆ ಗಿರಣಿಯೂ ನಡೆಯಬೇಕು, ಕೂಸೂ ಚೆನ್ನಾಗಿರಬೇಕು, ನೀನಿಲ್ಲವೆಂದು ಕೂಸು ಅಳಲೂ ಬೇಕು. ಮೂರೂ ಹೇಗೆ ಸಾಧ್ಯ, ನೀನೇ ಹೇಳು. ಹಗಲು ಅವಳು ಮಲಗಿದಾಗ ನೀನೂ ಅರ್ಧ ಗಳಿಗೆ ಅಡ್ಡಾಗು.

ಆಶೀರ್ವಾದಗಳು.
ನಿನ್ನ ಅವ್ವ, ಪದ್ಮಾಬಾಯಿ


ಚಿತ್ತಾಪುರ
೨೦–೪–೧೯೭೬

ಅವ್ವ,

ಬಾಯಿ ಬಿಟ್ಟು ಬರೆ ಎಂದಿದ್ದೀ. ಬರೆಯುತ್ತೇನೆ. ಅಫೀಮು.

ಕೂಲಿಗೆ ಹೋಗುವ ತಾಯಂದಿರು ಸಾಸಿವೆಯಷ್ಟು ನೆಕ್ಕಿಸಿ ಕೂಸನ್ನು ಮಲಗಿಸಿ ಹೋಗುತ್ತಿದ್ದರೆಂದು ನೀನೇ ಹೇಳಿದ್ದು ನೆನಪಿದೆಯೇ? ಕೆಲವು ಕೂಸುಗಳು ಏಳಲೇ ಇಲ್ಲ ಎಂದೂ ಹೇಳಿದ್ದೆ.

ನಿನ್ನೆ ಹಿತ್ತಲ ಬಾಗಿಲಿನಿಂದ ಒಳಗೆ ಬರುತ್ತಿದ್ದೆ. ಪಕ್ಕದ ಮನೆಯ ಬಸ್ಸಮ್ಮ ಬಂದು ತೊಟ್ಟಿಲ ಹತ್ತಿರ ಕುಳಿತಿದ್ದಳು. ಗಿರಣಿಯ ಸಪ್ಪಳದಲ್ಲಿ ಅವಳು ಕೇಳಿದ್ದು ಏನೆಂದು ನನಗೆ ತಿಳಿಯಲಿಲ್ಲ. ಭೀಮಬಾಯಿ ನಗುತ್ತ ಜೋರಾಗಿ ಹೇಳಿದ್ದಷ್ಟೇ ಕೇಳಿಸಿತು: "ನಶಾ ಹತ್ತ್ಯಾದ ಇದಕ್ಕ. ಹೊತ್ತಿಗೆ ಸರಿಯಾಗಿ ಸಿಗಲಿಲ್ಲಂದ್ರ ಕಣ್ಣು ಮುಚ್ಚಂಗಿಲ್ಲ ನೋಡು."

ನಾನು ಅಲ್ಲೇ ನಿಂತೆ. ಒಳಗೆ ಹೋಗಿ ಕೇಳಬೇಕಿತ್ತು. ಕೇಳಿದರೆ ಇಲ್ಲ ಎನ್ನುತ್ತಾಳೆ, ಆಮೇಲೆ ಹುಷಾರಾಗುತ್ತಾಳೆ ಎಂದು ಸುಮ್ಮನಾದೆ. ಇವತ್ತು ಅವಳು ನೀರಿಗೆ ಹೋದಾಗ ಅವಳ ಟ್ರಂಕು ತೆಗೆದು ನೋಡಿದೆ. ನಾಚಿಕೆಯಾಗಲಿಲ್ಲ ಎಂದು ಬರೆಯಲಾರೆ. ಎರಡು ಸೀರೆ, ಬಾಚಣಿಗೆ, ಎಲೆಅಡಿಕೆ ಚೀಲ, ನಾನು ಕೂಸಾಗಿದ್ದಾಗಿನ ಒಂದು ಕುಲಾವಿ. ಬೇರೇನೂ ಇಲ್ಲ. ಏನೂ ಸಿಗಲಿಲ್ಲವೆಂದರೆ ಸಮಾಧಾನ ಆಗಬೇಕಲ್ಲ? ನನಗೆ ಆದದ್ದು ಇನ್ನಷ್ಟು ಭಯ. ಮೈಮೇಲೆಯೇ ಇಟ್ಟುಕೊಂಡಿರಬಹುದು. ಆ ಕುಲಾವಿಯನ್ನು ಇಷ್ಟು ವರ್ಷ ಯಾಕೆ ಇಟ್ಟುಕೊಂಡಳೋ.

ಶಹಾಬಾದಿನ ಡಾಕ್ಟರಿಗೆ ತೋರಿಸಿದೆ. ಕಣ್ಣರೆಪ್ಪೆ ಬಿಡಿಸಿ ನೋಡಿದರು, ಎದೆಗೆ ಕೊಳವೆ ಇಟ್ಟರು. ಕೂಸು ಚಲೋ ಅದ, ನೀವು ನಿದ್ದೆ ಮಾಡ್ರಿ ಎಂದರು. ನನ್ನ ಕಡೆಗೇ ಹೆಚ್ಚು ನೋಡಿದರು.

ಇವರಿಗೆ ಹೇಳಿಲ್ಲ. ಯಾಕೆಂದು ಕೇಳು. ಇವರ ದೊಡ್ಡಪ್ಪನ ಮಗ ಹಣಮಂತರಾಯರು ಗಂಜ್ ಮಾರುಕಟ್ಟೆಯಲ್ಲಿ ಅಡತಿ ದಲಾಲಿಯ ಅಂಗಡಿ ಇಟ್ಟಿದ್ದಾರಲ್ಲ, ಅವರಿಗೆ ನನ್ನ ಗಿರಣಿ ಗುತ್ತಿಗೆಗೆ ಬೇಕಂತೆ. ಬಂದಾಗೆಲ್ಲ ಕೂಸಿನ ಗಲ್ಲ ಹಿಂಡಿ, ಪಾಪ, ತಾಯಿ ಇದ್ದೂ ಇಲ್ಲದಂಗ ಎನ್ನುತ್ತಾರೆ. ಇವರು ಒಂದೇ ಮಾತು ಆಡಿದ್ದಾರೆ. "ಭೀಮಬಾಯಿ ಇರೋ ತನಕ ನಿನ್ನ ಗಿರಣಿ ನಡೀಲಿ. ಆಕಿ ಹೋದ್ಲಂದ್ರ ಹಣಮಂತಣ್ಣಗ ಕೊಟ್ಟುಬಿಡೋದು. ಕೂಸಿಗೆ ಒಬ್ಬರಾದ್ರೂ ಬೇಕಲ್ಲ."

ಗಿರಣಿ ಉಳಿಯಬೇಕೆಂದರೆ ಅವಳು ಇರಬೇಕು. ಅವಳು ಇದ್ದರೆ ಮಾಧವಿ ಉಳಿಯುತ್ತಾಳೋ ಇಲ್ಲವೋ. ನನಗೆ ಬೇಗ ಬರೆ.

ವನಮಾಲಾ


ಚಿತ್ತಾಪುರ
೯–೬–೧೯೭೬

ಅವ್ವ,

ನೀನು ಉತ್ತರ ಬರೆಯಲಿಲ್ಲ. ಅಂಚೆಯವನನ್ನು ಕೇಳಿ ಕೇಳಿ ಅವನಿಗೆ ನನ್ನನ್ನು ಕಂಡರೆ ರಸ್ತೆ ದಾಟುವ ರೂಢಿಯಾಗಿದೆ.

ಈ ಪತ್ರ ತಲುಪುವ ಮೊದಲೇ ಭೀಮಬಾಯಿ ಸುಲೇಪೇಟ ತಲುಪಿರುತ್ತಾಳೆ. ಮಳೆಗಾಲ ಬಂತು, ಅಂಗಳದಲ್ಲಿ ತೊಗರಿ ಒಣಗುವುದಿಲ್ಲ, ನವರಾತ್ರಿಯ ತನಕ ಗಿರಣಿ ಬಂದ್. ಅದಕ್ಕೇ ಕಾದಿದ್ದೆ. ಗಿರಣಿ ನಿಲ್ಲಿಸಿದ ಸಂಜೆಯೇ ಅವಳಿಗೆ, ನಾನು ಇನ್ನು ಮನೆಯಲ್ಲೇ ಇರುತ್ತೇನೆ, ನೀನು ಊರಿಗೆ ಹೋಗು ಎಂದೆ. ಹೋಗಿ ಯಾವಾಗ ಬರಲಿ ಎಂದು ಕೇಳಿದಳು. ಬರುವುದು ಬೇಡ ಎಂದೆ. ಅವಳ ಮುಖ ನೋಡಿ ತಡೆಯಲಾಗಲಿಲ್ಲ, ಕೂಸಿಗೆ ಏನು ಕೊಡುತ್ತಿದ್ದೀ ನನಗೆ ಗೊತ್ತಿದೆ ಎಂದುಬಿಟ್ಟೆ.

"ನಾ ಏನು ಕೊಡ್ಲಿ ಮಾಲವ್ವ? ಹಾಲು ನಿಂದು, ತೊಟ್ಲ ನಿಂದು. ನಂದು ಬರೇ ಕೈ."

ಅಷ್ಟೇ ಹೇಳಿ ಟ್ರಂಕು ಎತ್ತಿಕೊಂಡಳು. ನಾನು ಅದನ್ನು ತೆಗೆದು ನೋಡಿದ್ದು ಅವಳಿಗೆ ಗೊತ್ತಿತ್ತು ಅನಿಸುತ್ತದೆ. ಮುಚ್ಚಳದ ಮೇಲೆ ಕೈ ಆಡಿಸಿದ ರೀತಿ ಹಾಗಿತ್ತು.

ಈಗ ಕೇಳು. ಅವಳು ಹೋದ ಮರುದಿನದಿಂದ ಮಾಧವಿ ಹಗಲು ಮಲಗುತ್ತಿಲ್ಲ. ತೂಗಿದರೂ ಇಲ್ಲ, ಹಾಡಿದರೂ ಇಲ್ಲ. ಕಣ್ಣು ಕೆಂಪಾಗಿ, ಕಾಲು ಝಾಡಿಸಿ ಅಳುತ್ತಾಳೆ. ನಶೆ ಬಿಡುವಾಗ ದೊಡ್ಡವರೂ ಹೀಗೇ ಒದ್ದಾಡುತ್ತಾರಂತೆ. ಇದಕ್ಕಿಂತ ಬೇರೆ ಸಾಕ್ಷಿ ಏನು ಬೇಕು? ಬಸ್ಸಮ್ಮನಿಗೂ ಹೇಳಿದೆ. ಅವಳು ಬೆರಳು ಕಚ್ಚಿಕೊಂಡಳು. ಓಣಿಯವರಿಗೂ ಗೊತ್ತಾಗಲಿ ಎಂದೇ ಹೇಳಿದೆ. ಬೇರೆ ಮನೆಯ ಕೂಸುಗಳಾದರೂ ಉಳಿಯಲಿ.

ಇಷ್ಟು ದಿನ ನೀನು ಯಾಕೆ ಸುಮ್ಮನಿದ್ದೆ ಅವ್ವ? ನಿನಗೆ ಗೊತ್ತಿತ್ತೇ?

ವನಮಾಲಾ


ಸುಲೇಪೇಟ
೧೭–೭–೧೯೭೬

ವನಮಾಲಾ,

ನಿನ್ನ ಕೊನೆಯ ಪ್ರಶ್ನೆಯನ್ನು ನಾನು ಓದಿಲ್ಲ ಎಂದು ತಿಳಿದುಕೋ.

ಏಪ್ರಿಲ್ ಪತ್ರಕ್ಕೆ ಉತ್ತರ ಬರೆಯಲಿಲ್ಲ, ಯಾಕೆಂದರೆ ಬರೆದರೆ ಸಿಟ್ಟಿನಲ್ಲಿ ಬರೆಯುತ್ತಿದ್ದೆ. ಸಿಟ್ಟು ಇಳಿದ ಮೇಲೆ ಬರೆದರಾಯಿತೆಂದುಕೊಂಡೆ. ಅಷ್ಟರಲ್ಲಿ ನೀನು ಅವಳನ್ನು ಬಸ್ಸಿಗೆ ಹತ್ತಿಸಿಬಿಟ್ಟಿದ್ದೆ.

ಭೀಮಬಾಯಿ ಬಂದು ಕಟ್ಟೆಯ ಮೇಲೆ ಕುಳಿತಳು. ಚಹಾ ಕೊಟ್ಟೆ, ಮುಟ್ಟಲಿಲ್ಲ. "ಮಾಲವ್ವ ಏನಂತ ಬರ್ದಾಳ್ರೀ?" ಎಂದು ಕೇಳಿದಳು. ಹೇಳಬಾರದಿತ್ತು, ಹೇಳಿದೆ. ಹೌದಾ ಇಲ್ಲಾ ಎಂದು ನಾನೇ ಕೇಳಿದೆ. ನೀವೂ ಕೇಳ್ತೀರಾ ಎಂದು ಎದ್ದುಹೋದಳು. ನಾನೂ ಕೇಳಿದೆ ನೋಡು. ನಿನ್ನ ಅನುಮಾನ ಅಂಚೆಯಲ್ಲಿ ಬಂದು ನನಗೂ ಹತ್ತಿತು.

ಚಿತ್ತಾಪುರದ ಸುದ್ದಿ ಅವಳಿಗಿಂತ ಮುಂಚೆ ಬಂದಿತ್ತು. ಇಲ್ಲಿ ಮಾಸ್ತರರ ಮನೆಯಲ್ಲಿ ಬಾಣಂತಿ ಇದ್ದಾಳೆ, ಎರೆಯಲು ಇವಳನ್ನೇ ಕರೆಯುವುದೆಂದು ಮಾತಾಗಿತ್ತು. ಈಗ ಕುರಕುಂಟದಿಂದ ಯಾರನ್ನೋ ಕರೆಸಿಕೊಂಡಿದ್ದಾರೆ. ಭೀಮಬಾಯಿ ಕಳೆ ತೆಗೆಯಲು ಹೊಲಕ್ಕೆ ಹೋಗುತ್ತಾಳೆ. ಈ ವಯಸ್ಸಿನಲ್ಲಿ ಅವಳ ಬೆನ್ನು ಬಾಗುವುದಿಲ್ಲ.

ಕೂಸು ಹೇಗಿದೆ? ಅಷ್ಟು ಮಾತ್ರ ಬರೆ.

ಪದ್ಮಾಬಾಯಿ


ಚಿತ್ತಾಪುರ
೧೨–೯–೧೯೭೬

ಅವ್ವ,

ಕೂಸು ತೆಳ್ಳಗಾಗಿದೆ. ನಾನೂ. ಈಗಲೂ ಹಗಲು ನಿದ್ದೆಯಿಲ್ಲ. ಇಷ್ಟು ದಿನ ನಶೆ ಮೈಯಲ್ಲಿ ಉಳಿಯುತ್ತದೆಯೇ ಎಂದು ಒಮ್ಮೊಮ್ಮೆ ಅನಿಸುತ್ತದೆ. ಆಮೇಲೆ, ಎಷ್ಟು ಕೊಟ್ಟಿದ್ದಳೋ ಯಾರಿಗೆ ಗೊತ್ತು ಎಂದುಕೊಳ್ಳುತ್ತೇನೆ.

ಭೀಮಬಾಯಿಯನ್ನು ಯಾಕೆ ಕಳಿಸಿದೆನೆಂದು ಇವರಿಗೆ ಕೊನೆಗೆ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ. ಆಯಿತು, ಹಾಗಿದ್ದರೆ ಗುತ್ತಿಗೆಯ ಮಾತು ಮುಗಿಸೋಣ ಎಂದರು. ಅಷ್ಟು ಸುಲಭವಾಗಿ ಹೇಳಿದ್ದೇ ನನಗೆ ಸರಿ ಕಾಣಲಿಲ್ಲ. ಮರುದಿನವೇ ಹಣಮಂತರಾಯರು ಬಂದರು. ಯಾರು ಸುದ್ದಿ ಕೊಟ್ಟರು? ದೀಪಾವಳಿ ಪಾಡ್ಯದಂದು ಸಹಿ ಹಾಕುವುದೆಂದಾಗಿದೆ. ಅದಕ್ಕೂ ಮುಂಚೆ ಗಿರಣಿ ನಡೆಸಿ ತೋರಿಸಬೇಕಂತೆ.

ನಾನು ಒಪ್ಪಿದ್ದೇನೆ. ಮಾಧವಿಯನ್ನು ಕಂಕುಳಲ್ಲಿಟ್ಟುಕೊಂಡು ಬೀಗ ಹಾಕಿದ ಗಿರಣಿಯೊಳಗೆ ದಿನಾ ಒಂದು ಸಲ ಅಡ್ಡಾಡಿ ಬರುತ್ತೇನೆ. ಉರುಳೆಗಳಿಗೆ ತುಕ್ಕು ಹತ್ತಬಾರದೆಂದು ಎಣ್ಣೆ ಹಚ್ಚುತ್ತೇನೆ. ಇನ್ನೊಬ್ಬರಿಗೆ ಕೊಡುವ ವಸ್ತುವಿಗೆ ಯಾಕೆ ಹಚ್ಚುತ್ತೀ ಎಂದು ಇವರು ಕೇಳಿದರು. ಹೆಣ್ಣು ಕೊಡುವವರು ತಲೆ ಬಾಚದೆ ಕೊಡುತ್ತಾರೇನು ಎಂದೆ. ನಕ್ಕರು. ನನಗೆ ನಗು ಬರಲಿಲ್ಲ.

ವನಮಾಲಾ


ಚಿತ್ತಾಪುರ
೧೬–೧೦–೧೯೭೬

ಅವ್ವ,

ಕುಳಿತುಕೊಂಡು ಓದು.

ನಿನ್ನೆ ಗಿರಣಿ ಹಚ್ಚಿದೆವು. ಹಣಮಂತರಾಯರು ಮಧ್ಯಾಹ್ನ ನೋಡಲು ಬರುವವರಿದ್ದರು. ಬೆಳಗ್ಗೆಯೇ ನಮ್ಮ ಮಿಸ್ತ್ರಿ ಗುಲಾಮ್ ರಸೂಲ್ ಒಮ್ಮೆ ನಡೆಸಿ ನೋಡೋಣ ಎಂದು ಮೋಟಾರಿನ ಚರ್ಮದ ಪಟ್ಟಾ ಏರಿಸಿದ. ಮಾಧವಿ ನನ್ನ ಹೆಗಲ ಮೇಲೆ ಅಳುತ್ತಿದ್ದಳು. ಮೋಟಾರು ಗುರ್ ಎಂದಿತು, ಉರುಳೆಗಳು ತಿರುಗಿದವು, ಗೋಡೆ ಜುಮ್ಮೆಂದಿತು. ಅಳು ನಿಂತಿತು. ಹೆದರಿದಳೇನೋ ಎಂದು ಮುಖ ನೋಡಲು ತಿರುಗಿಸಿದರೆ ಕಣ್ಣು ಆಗಲೇ ಅರ್ಧ ಮುಚ್ಚಿತ್ತು. ಮೊದಲ ಚೀಲ ಸುರಿಯುವ ಮೊದಲೇ ಮುಷ್ಟಿ ಬಿಗಿಹಿಡಿದು, ಬಾಯಿ ಅರ್ಧ ತೆರೆದು ಮಲಗಿಬಿಟ್ಟಳು. ಫೆಬ್ರವರಿಯಲ್ಲಿ ಮಲಗುತ್ತಿದ್ದ ಹಾಗೇ.

ನಿಲ್ಲಿಸು ಎಂದೆ. ನಿಲ್ಲಿಸಿದ. ಎದ್ದು ಕಿರುಚಿದಳು. ಹಚ್ಚು ಎಂದೆ. ಮಲಗಿದಳು. ಮತ್ತೆ ನಿಲ್ಲಿಸು ಎಂದಾಗ ಗುಲಾಮ್ ರಸೂಲ್ ಹಣೆ ಒರೆಸಿಕೊಂಡ. "ಏನ್ರೀ ಬಾಯಿಸಾಬ್, ಗಿರಣಿ ಸ್ವಿಚ್ ಕೂಸಿಗೆ ಜೋಡಿಸೀರೇನು?"

ನಿನ್ನ ಮನೆಯಿಂದ ಬಾಣಂತನ ಮುಗಿಸಿ ಬಂದ ದಿನದಿಂದ ಆ ಕೂಸು ಆ ಗೋಡೆಗೆ ಹತ್ತಿದ ತೊಟ್ಟಿಲಲ್ಲಿ ಮಲಗಿತ್ತು ಅವ್ವ. ಅದಕ್ಕೆ ಅದೇ ಜೋಗುಳ. ಕತ್ತಲಾದರೆ ಗಿರಣಿ ನಿಲ್ಲುತ್ತಿತ್ತು, ಇವಳು ಏಳುತ್ತಿದ್ದಳು. ಭೀಮಬಾಯಿ ನಗುತ್ತ ಹೇಳಿದ ನಶೆ ಯಾವುದೆಂದು ಈಗ ತಿಳಿಯಿತು. ಆ ನಶೆಯ ಸಪ್ಪಳದಲ್ಲೇ ನನಗೆ ಬಸ್ಸಮ್ಮನ ಅರ್ಧ ಮಾತು ಕೇಳಿಸಿರಲಿಲ್ಲ. ಜೂನಿನಲ್ಲಿ ಗಿರಣಿಯನ್ನೂ ಭೀಮಬಾಯಿಯನ್ನೂ ಒಂದೇ ಸಂಜೆ ನಿಲ್ಲಿಸಿದೆ. ಕೂಸು ಒಂದಕ್ಕಾಗಿ ಅತ್ತಿತು, ನಾನು ಇನ್ನೊಂದನ್ನು ಹಿಡಿದೆ.

ಇದನ್ನೂ ಬರೆದುಬಿಡುತ್ತೇನೆ, ನಿನ್ನೊಬ್ಬಳ ಹತ್ತಿರ. ಇಷ್ಟೆಲ್ಲ ಕಣ್ಣಾರೆ ಕಂಡ ಮೇಲೂ ಒಳಗೆ ಏನೋ ಒಂದು, ಗಿರಣಿಯೂ ಅಫೀಮೂ ಎರಡೂ ಇದ್ದಿರಬಹುದಲ್ಲ ಎನ್ನುತ್ತದೆ. ಅದರ ಬಾಯಿ ಹೇಗೆ ಮುಚ್ಚಿಸುವುದೋ ನನಗೆ ಗೊತ್ತಿಲ್ಲ.

ಬಸ್ಸಮ್ಮನ ಹತ್ತಿರ ಹೋಗಿ ನಾನು ಹೇಳಿದ್ದು ಸುಳ್ಳು ಎಂದೆ. ಅವಳು ನಂಬಿದ ಹಾಗೆ ಕಾಣಲಿಲ್ಲ. ಭೀಮಬಾಯಿ ಪರವಾಗಿ ಯಾರೋ ಹೇಳಿಸಿದ್ದಾರೆಂದುಕೊಂಡಳು. ಹಣಮಂತರಾಯರಿಗೆ ಪಾಡ್ಯ ಬೇಡ, ಸಂಕ್ರಾಂತಿ ನೋಡೋಣ ಎಂದೆ.

ಭೀಮಬಾಯಿಗೆ ಬರಲು ಹೇಳು. ಮಾಲವ್ವ ಕೈ ಮುಗಿದು ಕೇಳಿದ್ದಾಳೆ ಎಂದು ಹೇಳು. ನಾನೇ ಸುಲೇಪೇಟಕ್ಕೆ ಬರಲು ಸಿದ್ಧ.

ವನಮಾಲಾ


ಸುಲೇಪೇಟ
೧೯–೧೧–೧೯೭೬

ಚಿ. ವನಮಾಲಾ,

ಪತ್ರವನ್ನು ಅವಳಿಗೆ ಓದಿ ಹೇಳಿದೆ. ಒಳಗಿನ ದನಿಯ ಮಾತು ಬಿಟ್ಟು ಉಳಿದದ್ದನ್ನೆಲ್ಲ. ಕೇಳಿ, ನೆಲ ನೋಡುತ್ತ ಸ್ವಲ್ಪ ನಕ್ಕಳು. ನಶಾ ಎಂದದ್ದು ಗಿರಣಿಗೇ ಎಂದು ಆವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿ ನಂಬಿಸೋ ಹಂಗಿದ್ರ ನಾ ಆ ಮನ್ಯಾಗ ಇರಬಾರದಿತ್ರೀ ಬಾಯಾರ."

ಬರುತ್ತಾಳಂತೆ. ಹೊಲದ ಕೆಲಸ ಅವಳಿಂದ ಆಗುವುದಿಲ್ಲ, ಇಲ್ಲಿ ಯಾರೂ ಮನೆಗೆ ಕರೆಯುವುದಿಲ್ಲ. ಆದರೆ ನಿನ್ನ ಮನೆಗಲ್ಲ, ಗಿರಣಿಗೆ. ಉಳಿದ ಹೆಂಗಸರ ಜೊತೆ ಕುಳಿತು ತೊಗರಿ ಹಸನು ಮಾಡುತ್ತಾಳಂತೆ. ಕೂಸಿಗೆ ಕೈ ಹಚ್ಚುವುದಿಲ್ಲವಂತೆ. ನಿನ್ನದೇ ಕೂಸು, ಹಳೆಯದೆಲ್ಲ ಮರೆ ಎಂದು ನಾನು ಎಷ್ಟೋ ಹೇಳಿದೆ. ಮರಿತೀನ್ರೀ, ಕೈ ಹಚ್ಚಂಗಿಲ್ಲ ಎಂದಳು. ಇನ್ನು ನನ್ನಿಂದ ಹೇಳಿಸಬೇಡ. ಎರಡು ಕಡೆಯೂ ನನಗೆ ಮುಖವಿಲ್ಲ.

ಕೂಸನ್ನು ಯಾರು ನೋಡುತ್ತಾರೆ ಎಂಬುದನ್ನು ನೀನೂ ಅಳಿಯ ನರಸಿಂಹರಾಯರೂ ಕುಳಿತು ಮಾತಾಡಿಕೊಳ್ಳಿ.

ಅವ್ವ


ಚಿತ್ತಾಪುರ
೨೦–೧–೧೯೭೭

ಅವ್ವ,

ಗಿರಣಿ ನಡೆಯುತ್ತಿದೆ. ತೊಟ್ಟಿಲನ್ನು ಗಿರಣಿಗೇ ತಂದು, ಹೆಂಗಸರು ಕುಳಿತು ಕಾಳು ಹಸನು ಮಾಡುವ ಪಡಸಾಲೆಯ ತೊಲೆಗೆ ಕಟ್ಟಿಸಿದ್ದೇನೆ. ಹೊಟ್ಟು ಹಾರಿ ಬರದ ಹಾಗೆ ಗೋಣಿಯ ಪರದೆ ಬಿಟ್ಟಿದ್ದೇನೆ. ಇವರು ಮೊದಲು ಸಿಡಿಮಿಡಿಗೊಂಡರು. ರಜೆಯ ದಿನ ಬಂದು ನೋಡಿ ಸುಮ್ಮನಾದರು. ಈಗ ಮನೆಗೆ ಬಂದ ದಿನ ರಾತ್ರಿಯ ಪಾಳಿ ಅವರದು. ಮಾಧವಿಯನ್ನು ಹೊತ್ತು ಅಡ್ಡಾಡುತ್ತ ಬಾಯಲ್ಲಿ ಗಿರಣಿಯ ಸಪ್ಪಳ ಮಾಡುತ್ತಾರೆ. ಅವಳು ಮೋಸ ಹೋಗುವುದಿಲ್ಲ.

ಭೀಮಬಾಯಿ ಬಸ್ಸಮ್ಮನ ಮನೆಯ ಪಡಸಾಲೆಯಲ್ಲಿ ಉಳಿದಿದ್ದಾಳೆ. ಬಸ್ಸಮ್ಮ ನನ್ನ ಮಾತು ನಂಬದಿದ್ದರೂ ಅವಳಿಗೆ ಜಾಗ ಕೊಟ್ಟಳು. ದಿನಾ ಬೆಳಗ್ಗೆ ಬಂದು ತೊಟ್ಟಿಲಿಗೆ ಬೆನ್ನು ಮಾಡಿ ಕುಳಿತುಕೊಳ್ಳುತ್ತಾಳೆ. ಬಂದ ದಿನ ಅವಳ ಕಾಲು ಮುಟ್ಟಲು ಹೋದೆ, ಹಿಂದೆ ಸರಿದಳು. ನಾನು ಹುಟ್ಟಿದಾಗಿನಿಂದ ಮಾಲವ್ವ ಎನ್ನುತ್ತಿದ್ದವಳು ಈಗ ಮಾಲಕರ ಎನ್ನುತ್ತಾಳೆ. ತೊಗರಿ ತರುವವರೂ ಈ ವರ್ಷ ಹಾಗೇ ಕರೆಯುತ್ತಾರೆ. ನನಗೆ ಬೇಕಾಗಿದ್ದ ಹೆಸರೇ. ಅವಳ ಬಾಯಲ್ಲಿ ಬೇಡವಾಗಿತ್ತು.

ನಿನ್ನೆ ಹಣಮಂತರಾಯರು ಕಾಗದ ಹಿಡಿದು ಬಂದರು. ಸಂಕ್ರಾಂತಿ ಕಳೆಯಿತಲ್ಲ. ನಾಜೂಕಾಗಿ ಮಾತಾಡಿದರು. ಗಿರಣಿಯೊಳಗೆ ತೊಟ್ಟಿಲು ಕಟ್ಟಿದ್ದನ್ನು ಜನ ಆಡಿಕೊಳ್ಳುತ್ತಾರೆ, ಎರಡು ವರ್ಷ ಕೂಸಿನ ಜೊತೆ ಮನೆಯಲ್ಲಿರು, ಆಮೇಲೆ ಬೇಕಾದರೆ ಬಿಟ್ಟುಕೊಡುತ್ತೇನೆ ಎಂದರು. ಬೇರೆ ಯಾರಾದರೂ ಹೇಳಿದ್ದರೆ ಒಳ್ಳೆಯ ಮಾತೇ. ನಾನು ಅವರ ಕಣ್ಣನ್ನೇ ನೋಡುತ್ತಿದ್ದೆ. ಅವರ ಕಣ್ಣು ಉರುಳೆಗಳ ಮೇಲಿತ್ತು.

ಅಷ್ಟರಲ್ಲಿ ಪಟಾರನೆ ಪಟ್ಟಾ ಹರಿಯಿತು. ಗಿರಣಿ ನಿಂತಿತು. ಇಡೀ ಕಟ್ಟಡ ಒಮ್ಮೆಲೇ ಸುಮ್ಮನಾಯಿತು, ಅದರ ಬೆನ್ನಿಗೇ ಮಾಧವಿಯ ಅಳು. ಹಣಮಂತರಾಯರು ಪೆನ್ನಿನ ಟೊಪ್ಪಿಗೆ ತೆಗೆದು ನನ್ನ ಕೈಗೆ ಕೊಡುತ್ತ, "ಇದಿಷ್ಟು ಮುಗಿಸಿ ಹೋಗವಾ, ಕೂಸನ್ನ ಅಲ್ಲಿ ಯಾರರೆ ನೋಡ್ತಾರ" ಎಂದರು.

ತೊಟ್ಟಿಲಿಗೆ ಎಲ್ಲರಿಗಿಂತ ಹತ್ತಿರ ಇದ್ದವಳು ಭೀಮಬಾಯಿ. ಕೈ ಚಾಚಿದರೆ ಹಗ್ಗ ಸಿಗುತ್ತಿತ್ತು. ಉಳಿದ ಹೆಂಗಸರು ಮೊದಲು ಅವಳನ್ನು ನೋಡಿದರು, ಆಮೇಲೆ ನನ್ನನ್ನು. ನಾನು ಅವಳ ಬೆನ್ನನ್ನು ನೋಡುತ್ತಿದ್ದೆ. ಏನಾಗಲೆಂದು ಬಯಸುತ್ತಿದ್ದೆನೋ ನನಗೇ ತಿಳಿಯದು. ಅವಳು ತಿರುಗಲಿಲ್ಲ. ಮೊರದ ಮೇಲೆ ಆಡುತ್ತಿದ್ದ ಕೈ ನಿಂತಿತು, ಅಷ್ಟೇ. ಆಮೇಲೆ ಗೋಡೆಗೆ ಮುಖ ಮಾಡಿಕೊಂಡೇ ಕೂಗಿದಳು.

"ಗುಲಾಮ್ ರಸೂಲ್ ಮಿಸ್ತ್ರಿ, ಪಟ್ಟಾ ಲಗೂನ ಏರಿಸ್ರಿ. ಕೂಸು ಎದ್ದದ."

ನಾನು ಪೆನ್ನನ್ನು ಕಾಗದದ ಮೇಲೆ ಅಡ್ಡ ಇಟ್ಟು, ಗಿರಣಿ ಕೊಡುವುದಿಲ್ಲ ಎಂದು ಹಣಮಂತರಾಯರಿಗೆ ಹೇಳಿ ಎದ್ದೆ. ಅವರು ಇನ್ನೂ ಏನೋ ಹೇಳುತ್ತಿದ್ದರು. ಮಾಧವಿಯನ್ನು ಎತ್ತಿಕೊಂಡು ಪಡಸಾಲೆಯ ಉದ್ದಕ್ಕೂ ಅಡ್ಡಾಡಿದೆ. ಪಟ್ಟಾ ಹೊಲಿದು ಏರಿಸಲು ಬಹಳ ಹೊತ್ತು ಹಿಡಿಯಿತು. ಅವಳು ಅಳುತ್ತಲೇ ಇದ್ದಳು. ಹೋಗುವಾಗ, ಬರುವಾಗ ಭೀಮಬಾಯಿಯ ಪಕ್ಕದಿಂದಲೇ ಹಾಯಬೇಕಿತ್ತು. ಅವಳು ತಲೆ ಎತ್ತಲಿಲ್ಲ. ಆಗಲೇ ಹಸನಾಗಿದ್ದ ಒಂದೇ ಮೊರದ ತೊಗರಿಯನ್ನು, ಗಿರಣಿ ಮತ್ತೆ ಶುರುವಾಗುವ ತನಕ, ಹಸನು ಮಾಡುತ್ತಲೇ ಇದ್ದಳು.

ನಿನ್ನ,
ವನಮಾಲಾ